ಬಾಸ್ ಮೇಲೆ ಹಾಕಿದ ಸ್ಪೆಲ್ ಯಾಕೆ ‘ರೆಸಿಸ್ಟ್’ ಆಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ಲೆವೆಲ್ 60 ಮೇಜ್ (ಮಂತ್ರವಾದಿ) ಆಡುತ್ತಿದ್ದೀರಿ, ರೇಡ್ ಬಾಸ್ (ದೊಡ್ಡ ಗುಂಪು ಸೇರಿ ಹೊಡೆಯಬೇಕಾದ ಬಲಿಷ್ಠ ಶತ್ರು) ಮೇಲೆ ಸ್ಪೆಲ್ ಹಾಕಿದರೆ ಆಗಾಗ ‘ರೆಸಿಸ್ಟ್’ ಅಂತ ಬರುತ್ತದೆ. ಸ್ಪೆಲ್ ಪೆನೆಟ್ರೇಶನ್ (ಶತ್ರುವಿನ ರೆಸಿಸ್ಟೆನ್ಸ್ ಕಡೆಗಣಿಸುವ ಅಂಕ) ಹೆಚ್ಚಿಸಿದರೆ ಇದು ಹೋಗುತ್ತದಾ? ಫೈರ್ ರೆಸಿಸ್ಟೆನ್ಸ್ ಗೇರ್, ಅಂದರೆ ಬೆಂಕಿ ಹೊಡೆತ ತಡೆಯುವ ಉಡುಪು-ಆಯುಧ, ಬೇಕಾ?

ಪೆನೆಟ್ರೇಶನ್‌ಗೆ ಗೋಲ್ಡ್ ಸುರಿಯಬೇಡಿ. ನಿಮಗೆ ಬೇಕಿರುವುದು ಹಿಟ್, ಅಂದರೆ ಸ್ಪೆಲ್ ತಗಲುವ ಸಾಧ್ಯತೆ ಹೆಚ್ಚಿಸುವ ಅಂಕ.

ಇಲ್ಲಿ ನಡೆಯುವುದು ಎರಡು ಬೇರೆ ಬೇರೆ ಲೆಕ್ಕ. ಮೊದಲನೆಯದು ಸ್ಪೆಲ್ ತಗಲಿತಾ ಇಲ್ಲವಾ ಅನ್ನುವುದು. ಇದು ಲೆವೆಲ್ ಅಂತರದ ಮೇಲೆ ನಿಂತಿದೆ. ನಿಮ್ಮದೇ ಲೆವೆಲ್‌ನ ಶತ್ರು ಆದರೆ 4% ತಪ್ಪುತ್ತದೆ. ರೇಡ್ ಬಾಸ್‌ಗಳು ಲೆವೆಲ್ 63, ಅಲ್ಲಿ ಒಮ್ಮೆಲೇ 17%. ತೊಂದರೆ ಏನೆಂದರೆ, ಸ್ಪೆಲ್ ಹೀಗೆ ತಪ್ಪಿದಾಗಲೂ ಗೇಮ್ ತೋರಿಸುವುದು ‘ರೆಸಿಸ್ಟ್’ ಅಂತಲೇ. ಹಿಟ್ ಗೇರ್‌ನಿಂದ 16% ಕಳೆಯಬಹುದು, ಕೊನೆಯ 1% ಏನು ಮಾಡಿದರೂ ಹೋಗುವುದಿಲ್ಲ. ಎಲಿಮೆಂಟಲ್ ಪ್ರಿಸಿಶನ್ ಟ್ಯಾಲೆಂಟ್ (ಪಾಯಿಂಟ್ ಹಾಕಿ ಆರಿಸಿಕೊಳ್ಳುವ ಮೇಜ್ ಕೌಶಲ) ಪೂರ್ತಿ ತೆಗೆದುಕೊಂಡರೆ ಫೈರ್, ಫ್ರಾಸ್ಟ್ ಎರಡಕ್ಕೂ 6% ಸಿಗುತ್ತದೆ. ಗೇರ್‌ನಲ್ಲಿ ಇನ್ನು 10% ಹುಡುಕಿದರೆ ಸಾಕು.

ಎರಡನೆಯದು ನಿಜವಾದ ರೆಸಿಸ್ಟೆನ್ಸ್. ಹೊಡೆತ ತಿನ್ನುವವರ ರೆಸಿಸ್ಟೆನ್ಸ್ ಅನ್ನು ಹೊಡೆಯುವವರ ಲೆವೆಲ್‌ನ ಐದು ಪಟ್ಟಿನಿಂದ ಭಾಗಿಸಿ, 75%ರಿಂದ ಗುಣಿಸಿ. ಅದೇ ಸರಾಸರಿ ಕಡಿತ. ಲೆವೆಲ್ 63 ಬಾಸ್ ಎದುರು ನಿಮಗೆ 315 ಇದ್ದರೆ ಪೂರ್ತಿ 75%, ಅದಕ್ಕಿಂತ ಜಾಸ್ತಿ ಇದ್ದರೂ ವೇಸ್ಟ್. 150 ಇದ್ದರೆ ಸುಮಾರು 36%. ಆದರೆ ಪ್ರತಿ ಹೊಡೆತದಲ್ಲೂ 36% ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. 2000ದ ಹೊಡೆತ ಒಮ್ಮೆ 1500 ಆಗಿ ಬೀಳುತ್ತದೆ, ಇನ್ನೊಮ್ಮೆ 1000, ಅದೃಷ್ಟವಿದ್ದರೆ 500. ಕೆಲವು ಸಲ ಪೂರ್ತಿ 2000ವೂ ಬಂದು ಬೀಳುತ್ತದೆ. ಆಗ ಗುಂಪಿನ ಪ್ರಾಣ ತುಂಬುವ ಹೀಲರ್ ಬೈದರೆ ಸುಮ್ನೆ ಇರಿ.

ಮೇಜ್‌ನ ಹಿಮದ ಸ್ಪೆಲ್ ಫ್ರಾಸ್ಟ್‌ಬೋಲ್ಟ್ ಕಥೆ ಬೇರೆ. ಅದು ಡ್ಯಾಮೇಜ್ ಜೊತೆ ಶತ್ರುವನ್ನು ನಿಧಾನವೂ ಮಾಡುತ್ತದಲ್ವಾ, ಅಂಥ ಸ್ಪೆಲ್‌ಗಳಿಗೆ ಅರ್ಧಂಬರ್ಧ ಇಲ್ಲ. ತಗಲಿದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಫೈರ್‌ಬಾಲ್‌ನಂಥ ಸ್ಪೆಲ್‌ಗಳಿಗೆ ಇನ್ನೊಂದು ತೆರಿಗೆ ಇದೆ: ಬಾಸ್ ಮೂರು ಲೆವೆಲ್ ಮೇಲಿರುವುದಕ್ಕೇ ಲೆವೆಲ್‌ಗೆ 8ರಂತೆ 24 ರೆಸಿಸ್ಟೆನ್ಸ್ ಸೇರಿಕೊಳ್ಳುತ್ತದೆ, ಸರಾಸರಿ 6% ಡ್ಯಾಮೇಜ್ ಅಲ್ಲೇ ಹೋಯಿತು. ಇದನ್ನು ಪೆನೆಟ್ರೇಶನ್ ಮುಟ್ಟುವುದೇ ಇಲ್ಲ. ಬಾಸ್‌ಗೆ ಸ್ವಂತ ರೆಸಿಸ್ಟೆನ್ಸ್ ಏನಾದರೂ ಇದ್ದರೆ ವಾರ್‌ಲಾಕ್ (ಮಾಟಗಾರ ವರ್ಗದ ಆಟಗಾರ) ಹಾಕುವ ಕರ್ಸ್ ಆಫ್ ದಿ ಎಲಿಮೆಂಟ್ಸ್ ಎಂಬ ಶಾಪ ಫೈರ್, ಫ್ರಾಸ್ಟ್ ಎರಡರಲ್ಲೂ 75 ಇಳಿಸುತ್ತದೆ. ಹೋಲಿ ಸ್ಪೆಲ್‌ಗೆ ರೆಸಿಸ್ಟೆನ್ಸ್ ಅನ್ನುವುದೇ ಇಲ್ಲ, ಅದನ್ನು ಹಾಕುವ ಪ್ರೀಸ್ಟ್‌ಗಳಿಗೆ ಈ ಎರಡನೆಯ ತಲೆನೋವು ಇಲ್ಲ ಬಿಡಿ.

ಇನ್ನು ನಿಮ್ಮ ಗೇರ್. ಮೋಲ್ಟನ್ ಕೋರ್ ರೇಡ್‌ನಲ್ಲಿ ಬೆಂಕಿಯ ಬಾಸ್ ರಾಗ್ನರೋಸ್ ಎದುರು ನಿಂತು ಹೊಡೆತ ತಿನ್ನುವ ಟ್ಯಾಂಕ್‌ಗೆ ಫೈರ್ ರೆಸಿಸ್ಟೆನ್ಸ್ ಇದ್ದರೆ ಹೀಲರ್‌ಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಹಿಂದೆ ನಿಂತು ಹೊಡೆಯುವ ಮೇಜ್ ಅದಕ್ಕಾಗಿ ಡ್ಯಾಮೇಜ್ ಗೇರ್ ಬಿಚ್ಚುವುದು ನಷ್ಟ ಅಂತ ನನ್ನ ಲೆಕ್ಕ. ಒಂದು ಗ್ರೇಟರ್ ಫೈರ್ ಪ್ರೊಟೆಕ್ಷನ್ ಪೋಶನ್ ಕುಡಿಯಿರಿ, 1950ರಿಂದ 3250ರವರೆಗೆ ಬೆಂಕಿ ಡ್ಯಾಮೇಜ್ ಅದೇ ನುಂಗುತ್ತದೆ. ಮುಂದೆ ಆನ್ ಕಿರಾಜ್ ರೇಡ್‌ಗೆ ಹೋದಾಗ ಅಲ್ಲಿನ ಬಾಸ್ ಪ್ರಿನ್ಸೆಸ್ ಹುಹುರಾನ್ ಕೊನೆಗೆ ತನ್ನ ಹತ್ತಿರವಿರುವ 15 ಜನರಿಗೆ ವಿಷ ಕಾರುತ್ತಾಳೆ. ಆ 15ರಲ್ಲಿ ನೀವಿದ್ದೀರಾ ಅಂತ ರೇಡ್ ಲೀಡರ್‌ನ ಮೊದಲೇ ಕೇಳಿ, ಇದ್ದರೆ ಮಾತ್ರ ಆ ವಿಷ ತಡೆಯುವ ನೇಚರ್ ರೆಸಿಸ್ಟೆನ್ಸ್ ಗೇರ್ ಕೂಡಿಸಿ.