ಪ್ಲೇಆಫ್ ಬಂದ ಕೂಡಲೇ ಬೆಂಚ್ ಚಿಕ್ಕದಾಗೋದು ಯಾಕೆ?

"ಇಡೀ ಸೀಸನ್ ಹತ್ತು ಜನರನ್ನು ಆಡಿಸಿದ ಎನ್‌ಬಿಎ ಕೋಚ್‌ಗಳು ಪ್ಲೇಆಫ್ ಬಂದ ಕೂಡಲೇ ಏಳೆಂಟು ಜನರಲ್ಲೇ ಯಾಕೆ ಮುಗಿಸುತ್ತಾರೆ? ಬೆಂಚ್‌ನವರಿಗೆ ಇದು ಅನ್ಯಾಯ ಅಲ್ವಾ?" ಎಂದು ಕೇಳಿದ್ದೀರಿ. (ಎನ್‌ಬಿಎ ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್. ಸೀಸನ್ ಮುಗಿದ ಮೇಲೆ ಮುಂದಿದ್ದ ತಂಡಗಳು ಕಪ್‌ಗಾಗಿ ಆಡುವ ಸರಣಿಗಳೇ ಪ್ಲೇಆಫ್. ಶುರುವಿನ ಐವರಿಗೆ ಬದಲಿಯಾಗಿ ಇಳಿಯುವವರು ಬೆಂಚ್.) ಅನ್ಯಾಯ ಅಲ್ಲ, ಅದಕ್ಕೆ ಬಲವಾದ ಕಾರಣ ಇದೆ. ಆದರೆ ಇಡೀ ಸೀಸನ್ ಬೆಂಚನ್ನು ನಂಬದ ಕೋಚ್‌ಗೆ ಮೇ ತಿಂಗಳಲ್ಲಿ ಬೇಕೆಂದಾಗ ಬೆಂಚ್ ಸಿಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಾನು ವಿರಾಜಪೇಟೆ ಕಡೆಯವನು. ನಮ್ಮಲ್ಲಿ ಏಪ್ರಿಲ್-ಮೇ ಅಂದರೆ ಕೊಡವ ಕುಟುಂಬಗಳ ಹಾಕಿ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಎನ್‌ಬಿಎ ಪ್ಲೇಆಫ್ ಕೂಡ ಅದೇ ಹೊತ್ತಿಗೆ ಬರುತ್ತದೆ. ಬೆಳಿಗ್ಗೆ ಮೊಬೈಲಿನಲ್ಲಿ ಬ್ಯಾಸ್ಕೆಟ್‌ಬಾಲ್, ಬಿಸಿಲೇರುವ ಹೊತ್ತಿಗೆ ಹಾಕಿ ಮೈದಾನ. ಹೀಗಾಗಿ ನಿಮ್ಮ ಪ್ರಶ್ನೆ ಇಲ್ಲಿ ಪ್ರತಿ ವರ್ಷ ಏಳುತ್ತದೆ, ಅದೂ ಜೋರಾಗಿಯೇ. ಹಾಕಿ ನೋಡಿ ಬೆಳೆದ ನಮ್ಮ ಹಿರಿಯರು ಹೇಳುವುದು ಇಷ್ಟು: "ಈಗಿನ ಹಾಕಿಯಲ್ಲಿ ಫಾರ್ವರ್ಡ್‌ಗಳು ಕೆಲವೇ ನಿಮಿಷ ಓಡಿ ಹೊರಗೆ ಬರುತ್ತಾರೆ, ಉಸಿರು ತೆಗೆದುಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಕೊನೇ ಕ್ವಾರ್ಟರ್‌ನಲ್ಲೂ ಕಾಲಲ್ಲಿ ಶಕ್ತಿ ಇರುತ್ತದೆ. ಈ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಿಗೇನು ಕಷ್ಟ?"

ಕಷ್ಟ ಇರುವುದು ಆಟಗಾರರ ಸಂಖ್ಯೆಯಲ್ಲಿ. ಹನ್ನೊಂದು ಜನರ ತಂಡದಲ್ಲಿ ಒಬ್ಬ ಸ್ವಲ್ಪ ದುರ್ಬಲನಾದರೂ ಪಕ್ಕದವರು ಸುಧಾರಿಸಿಕೊಂಡು ಹೋಗಬಹುದು. ಐದೇ ಜನ ಇರುವಲ್ಲಿ ಹಾಗೆ ಬಚ್ಚಿಡಲು ಜಾಗವಿಲ್ಲ. ಅದರಲ್ಲೂ ಪ್ಲೇಆಫ್‌ನಲ್ಲಿ ಒಂದೇ ಎದುರಾಳಿಯ ಜೊತೆ ಏಳು ಪಂದ್ಯದವರೆಗೆ ಆಡಬೇಕು. ಬೆಂಚ್‌ನಿಂದ ಬಂದವನು ಡಿಫೆನ್ಸ್‌ನಲ್ಲಿ ನಿಧಾನ ಅಂತ ಮೊದಲ ಪಂದ್ಯದಲ್ಲೇ ಗೊತ್ತಾಗಿ ಹೋಗುತ್ತದೆ. ಎರಡನೇ ಪಂದ್ಯದಿಂದ ಅವರ ಸ್ಟಾರ್ ಆಟಗಾರ ಏನು ಮಾಡುತ್ತಾನೆ ನೋಡಿ: ಈ ನಿಧಾನದವನು ಯಾರನ್ನು ಕಾಯುತ್ತಿದ್ದಾನೋ ಅವನನ್ನೇ ಸ್ಕ್ರೀನ್ ಹಾಕಲು, ಅಂದರೆ ತನ್ನನ್ನು ಕಾಯುವವನಿಗೆ ಅಡ್ಡ ನಿಲ್ಲಲು, ಕರೆಯುತ್ತಾನೆ. ಕಾಯುವವರು ಅದಲುಬದಲಾಗುತ್ತಾರೆ, ಸ್ಟಾರ್ ಎದುರು ನಮ್ಮ ಬಡಪಾಯಿ ಒಬ್ಬನೇ ಉಳಿಯುತ್ತಾನೆ. ಮುಂದಿನ ಸಲ ಚೆಂಡು ಬಂದಾಗಲೂ ಅದೇ, ಅದರ ಮುಂದಿನ ಸಲವೂ ಅದೇ. 82 ಪಂದ್ಯಗಳ ಸೀಸನ್‌ನಲ್ಲಿ ನಾಳೆ ಬೇರೆ ಊರು, ಬೇರೆ ಎದುರಾಳಿ. ಒಬ್ಬನನ್ನೇ ಹೀಗೆ ಬೇಟೆಯಾಡುವಷ್ಟು ತಯಾರಿಗೆ ಯಾರಿಗೂ ಪುರುಸೊತ್ತಿಲ್ಲ. ಪ್ಲೇಆಫ್‌ನಲ್ಲಿ ಎಲ್ಲರಿಗೂ ಅದೇ ಕೆಲಸ. ಸಾಲದ್ದಕ್ಕೆ ಪಂದ್ಯಗಳ ನಡುವೆ ಬಿಡುವೂ ಇರುತ್ತದೆ, ಹಾಗಾಗಿ ಮುಖ್ಯ ಆಟಗಾರರು ಹೆಚ್ಚು ಹೊತ್ತು ಆಡಬಲ್ಲರು.

ಲೆಕ್ಕವನ್ನೂ ನೋಡಿಬಿಡಿ. 48 ನಿಮಿಷದ ಆಟ, ಐದು ಜನ, ಒಂದು ತಂಡಕ್ಕೆ ಒಟ್ಟು 240 ನಿಮಿಷ. ಮೊದಲ ಐದು ಜನ ತಲಾ 38 ನಿಮಿಷ ಆಡಿದರೆ ಬೆಂಚ್‌ಗೆ ಉಳಿಯುವುದು 50. ಅದನ್ನು ಐದು ಜನರಿಗೆ ಹಂಚಿದರೆ ಯಾರಿಗೂ ಮೈ ಬಿಸಿಯಾಗುವುದಿಲ್ಲ. ಮೂರು ಜನರಿಗೆ ಕೊಡುವುದೇ ವಾಸಿ.

ಇಲ್ಲಿಯವರೆಗೆ ನಾನು ಕೋಚ್‌ಗಳ ಪರ. ಈಗ 2025ರ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್‌ಗೆ (ಕಪ್‌ನ ಫೈನಲ್ಸ್‌ಗೆ ಹಿಂದಿನ ಸುತ್ತು) ಬನ್ನಿ, ನ್ಯೂಯಾರ್ಕ್ ನಿಕ್ಸ್ ಮತ್ತು ಇಂಡಿಯಾನಾ ಪೇಸರ್ಸ್. ನಿಕ್ಸ್ ಕೋಚ್ ಟಾಮ್ ತಿಬೊಡೊ ಸ್ಟಾರ್ಟರ್‌ಗಳನ್ನು (ಶುರುವಿನ ಐವರನ್ನು) ಸೀಸನ್ ಪೂರ್ತಿ ದುಡಿಸಿದವರು. ಜಾಶ್ ಹಾರ್ಟ್ ಪಂದ್ಯಕ್ಕೆ ಸರಾಸರಿ 37.6 ನಿಮಿಷ ಆಡಿದ, ಲೀಗ್‌ನಲ್ಲೇ ಅತಿ ಹೆಚ್ಚು. ನಿಮಿಷ ಕಡಿಮೆ ಮಾಡಿ ಎಂದು ಕೋಚ್ ಹತ್ತಿರ ಮಾತಾಡಿದ್ದಾಗಿ ಇನ್ನೊಬ್ಬ ಸ್ಟಾರ್ಟರ್ ಮಿಕಾಲ್ ಬ್ರಿಜಸ್ ಮಾರ್ಚ್‌ನಲ್ಲಿ ಬಹಿರಂಗವಾಗಿಯೇ ಹೇಳಿದ್ದ. ಸರಣಿಯಲ್ಲಿ 0-2 ಹಿಂದೆ ಬಿದ್ದ ಮೇಲೆ ಮೂರನೇ ಪಂದ್ಯದಲ್ಲಿ ತಿಬೊಡೊ ಹಾರ್ಟ್‌ನನ್ನು ಬೆಂಚ್‌ಗೆ ಕಳಿಸಿ ಮಿಚೆಲ್ ರಾಬಿನ್ಸನ್‌ನನ್ನು ಶುರುವಿನಿಂದ ಆಡಿಸಿದರು, ಹೆಚ್ಚಾಗಿ ಕೂತೇ ಇದ್ದ ಲ್ಯಾಂಡ್ರಿ ಶಾಮೆಟ್, ಡೆಲಾನ್ ರೈಟ್ ಇಬ್ಬರನ್ನೂ ಇಳಿಸಿದರು. 20 ಅಂಕ ಹಿಂದಿದ್ದ ನಿಕ್ಸ್ ಆ ಪಂದ್ಯ ಗೆದ್ದಿತು! ಸರಣಿ ಮಾತ್ರ 2-4ರಲ್ಲಿ ಕೈತಪ್ಪಿತು, ತಿಬೊಡೊ ಕೆಲಸವೂ ಹೋಯಿತು. ನಮ್ಮ ಚಿಕ್ಕಪ್ಪನ ಮಗ ನಿಕ್ಸ್ ಅಭಿಮಾನಿ. "25 ವರ್ಷದ ನಂತರ ಕಾನ್ಫರೆನ್ಸ್ ಫೈನಲ್ಸ್‌ಗೆ ಕರೆತಂದ ಮನುಷ್ಯನನ್ನು ಹೀಗಾ ಕಳಿಸೋದು?" ಅಂತ ಅವನಿಗೆ ಇವತ್ತಿಗೂ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಶಾಮೆಟ್, ರೈಟ್ ಜನವರಿಯಲ್ಲೇ ಕ್ರಮವಾಗಿ ಆಡಿದ್ದರೆ ಯಾರ ಜೊತೆ ಯಾರು ಹೊಂದುತ್ತಾರೆ ಎಂಬುದು ಮೇ ಹೊತ್ತಿಗೆ ಕೋಚ್‌ಗೆ ಗೊತ್ತಿರುತ್ತಿತ್ತು ಅನ್ನುವುದು ನನ್ನ ವಾದ.

ಎದುರಿಗಿದ್ದ ಪೇಸರ್ಸ್ ಕೋಚ್ ರಿಕ್ ಕಾರ್ಲೈಲ್ ಹತ್ತು ಜನರನ್ನು ಇಟ್ಟುಕೊಂಡು, ನಮ್ಮ ಹಿರಿಯರು ಹೇಳುವ ಹಾಕಿಯ ಲೆಕ್ಕದಲ್ಲೇ ಆಡಿಸಿದರು: ನಿಲ್ಲಬೇಡಿ, ಓಡಿ, ದಣಿದರೆ ಹೊರಗೆ ಬನ್ನಿ. ಓಕ್ಲಹೋಮ ಸಿಟಿ ವಿರುದ್ಧ ಫೈನಲ್ಸ್‌ನ ಮೂರನೇ ಪಂದ್ಯ ಸಿಕ್ಕರೆ ಪೂರ್ತಿ ನೋಡಿ. ಪೇಸರ್ಸ್ ಬೆಂಚ್‌ನ ಟಿ.ಜೆ. ಮೆಕ್‌ಕಾನೆಲ್ ಆರಡಿ ಸುಮಾರಿನ ಮನುಷ್ಯ. ತನ್ನ ತಂಡ ಬ್ಯಾಸ್ಕೆಟ್ ಹಾಕಿದ ಮೇಲೆ ಎಲ್ಲರೂ ಡಿಫೆನ್ಸ್‌ಗೆ ಹಿಂದಿರುಗುತ್ತಿದ್ದರೆ ಇವನು ಹೋಗುವವನಂತೆ ತಿರುಗಿ ಅಲ್ಲೇ ಸುಳಿಯುತ್ತಿರುತ್ತಾನೆ. ಎದುರಾಳಿ ಗೆರೆಯಾಚೆಯಿಂದ ಉದಾಸೀನವಾಗಿ ಚೆಂಡು ಎಸೆದರೆ ಮುಗಿಯಿತು, ನಡುವೆ ನುಗ್ಗಿ ಕಸಿದುಕೊಳ್ಳುತ್ತಾನೆ. ಆ ದಿನ ಐದು ಸ್ಟೀಲ್. ಬೆಂಚ್‌ನಿಂದಲೇ ಬಂದ ಬೆನೆಡಿಕ್ಟ್ ಮ್ಯಾಥರಿನ್ 22 ನಿಮಿಷದಲ್ಲಿ 27 ಅಂಕ ಹೊಡೆದ. ಬೆಂಚ್ ಅಂಕಗಳಲ್ಲಿ ಪೇಸರ್ಸ್ 49, ಓಕ್ಲಹೋಮ ಸಿಟಿಯ ಥಂಡರ್ ತಂಡ 18. ಕಪ್ ಕೊನೆಗೆ ಓಕ್ಲಹೋಮಕ್ಕೇ ಹೋಯಿತು, ಏಳನೇ ಪಂದ್ಯದಲ್ಲಿ. ಅವರಲ್ಲೂ ಅಲೆಕ್ಸ್ ಕರೂಸೊ ಬೆಂಚ್‌ನಿಂದ ಬಂದು ಆಡಿದವನೇ.

ಇನ್ನೊಂದು ಮಾತು. ಬೆಂಚ್‌ನಲ್ಲಿ ಕೂತವನು ಕಡಿಮೆ ಆಟಗಾರ ಅನ್ನುವ ಧಾಟಿ ನಿಮ್ಮ ಪ್ರಶ್ನೆಯಲ್ಲಿ ಸ್ವಲ್ಪ ಕಾಣುತ್ತದೆ. 2015ರಲ್ಲಿ ಗೋಲ್ಡನ್ ಸ್ಟೇಟ್‌ನ ಆಂಡ್ರೆ ಇಗ್ವಾಡಾಲ ಸೀಸನ್‌ನಲ್ಲಿ ಒಂದು ಪಂದ್ಯದಲ್ಲೂ ಸ್ಟಾರ್ಟರ್ ಆಗಿರಲಿಲ್ಲ. ಫೈನಲ್ಸ್‌ನಲ್ಲಿ 1-2 ಹಿಂದಿದ್ದಾಗ ಕೋಚ್ ಸ್ಟೀವ್ ಕರ್, ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ ಇವನನ್ನು ಶುರುವಿನಿಂದ ಇಳಿಸಿದರು. ಮುಂದಿನ ಮೂರೂ ಪಂದ್ಯ ಗೆದ್ದರು, ಫೈನಲ್ಸ್‌ನ ಅತ್ಯುತ್ತಮ ಆಟಗಾರ (ಎಂವಿಪಿ) ಪ್ರಶಸ್ತಿ ಇಗ್ವಾಡಾಲನಿಗೇ. ಸ್ಯಾನ್ ಆಂಟೋನಿಯೊದ ಮನು ಜಿನೋಬಿಲಿ ವರ್ಷಗಟ್ಟಲೆ ಬೆಂಚ್‌ನಿಂದ ಬಂದ, ಆದರೆ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅಂಗಳದಲ್ಲೇ ಇರುತ್ತಿದ್ದ. 2013-14ರಲ್ಲಿ ಆ ತಂಡದ ಒಬ್ಬನೂ ಸರಾಸರಿ 30 ನಿಮಿಷ ಆಡಿರಲಿಲ್ಲ, ಕಪ್ ಗೆದ್ದದ್ದು ಅವರೇ. ನನ್ನ ಮಟ್ಟಿಗೆ ಅದು ರೊಟೇಶನ್‌ನ, ಅಂದರೆ ಸರದಿಯಂತೆ ಆಡಿಸುವುದರ, ಅತಿ ಚೆಂದದ ಸೀಸನ್.

ಮುಂದಿನ ಪ್ಲೇಆಫ್‌ನಲ್ಲಿ ಎಷ್ಟು ಜನ ಆಡಿದರು ಎಂದು ಎಣಿಸುವ ಬದಲು ಎರಡನೇ ಕ್ವಾರ್ಟರ್ ಶುರುವಿನ ನಾಲ್ಕೈದು ನಿಮಿಷ ನೋಡಿ. ಸ್ಟಾರ್ ಕೂರುವುದು ಹೆಚ್ಚಾಗಿ ಆಗಲೇ. ಅವನು ಕೂತಾಗ ಎಷ್ಟು ಅಂಕದ ಅಂತರವಿತ್ತು, ಎದ್ದಾಗ ಎಷ್ಟಾಗಿತ್ತು ಅಂತ ಗುರುತು ಹಾಕಿಕೊಳ್ಳಿ. ಆ ಬೆಂಚ್‌ಗೆ ಎಷ್ಟು ನಿಮಿಷ ಕೊಡಬಹುದು ಅಂತ ಕೋಚ್ ನೋಡುವುದೂ ಅದನ್ನೇ.