ಊಟದ ಬಿಡುವು: ಅರ್ಧ ಗಂಟೆ ಸಾಲದು

ಪ್ರಶ್ನೆ: ನಮ್ಮದು ಜವಳಿ ಅಂಗಡಿ, ಆರು ಜನ ಕೆಲಸಗಾರರು. ಬೆಳಿಗ್ಗೆ 9.30ರಿಂದ ರಾತ್ರಿ 9ರವರೆಗೆ ವ್ಯಾಪಾರ. ಊಟಕ್ಕೆ ಅರ್ಧ ಗಂಟೆ, ಚಹಾಕ್ಕೆ ಎರಡು ಸಲ ಕಾಲು ಗಂಟೆ ಬಿಡುತ್ತೇವೆ. ಇದು ಸರಿಯೇ?
– ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಸರಿಯಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 9ನೇ ಕಲಮಿನಂತೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ 1 ಗಂಟೆ ವಿಶ್ರಾಂತಿ ಕೊಡಲೇಬೇಕು. ಚೂರುಚೂರು ಬಿಡುವುಗಳನ್ನು ಕೂಡಿಸಿ ಒಂದು ಗಂಟೆ ಎಂದು ತೋರಿಸಬೇಡಿ.

ಹೆಚ್ಚಿನವರು ಎಡವುವುದು ಊಟದ ನಂತರದ ಪಾಳಿಯಲ್ಲಿ. ಆ ಅವಧಿಯೂ 5 ಗಂಟೆ ಮೀರಬಾರದು. ಜನರನ್ನು ಎರಡು ತಂಡ ಮಾಡಿ. ಮೊದಲ ತಂಡ 9.30ಕ್ಕೆ ಬಂದು, 1.30ರಿಂದ 2.30 ಊಟ ಮುಗಿಸಿ, 6.30ಕ್ಕೆ ಹೊರಡಲಿ. ಎರಡನೆಯದು 12ಕ್ಕೆ ಬರಲಿ, 3.30ರಿಂದ 4.30 ಬಿಡುವು, 9ಕ್ಕೆ ಮನೆಗೆ. ಈ ತಂಡವನ್ನು 2.30ಕ್ಕೇ ಊಟಕ್ಕೆ ಬಿಟ್ಟರೆ ಆಮೇಲೆ ಐದೂವರೆ ಗಂಟೆ ದುಡಿಯಬೇಕಾಗುತ್ತದೆ, ಅದು ತಪ್ಪು. ಇಬ್ಬರಿಗೂ ದಿನಕ್ಕೆ 8 ಗಂಟೆ, ಆರು ದಿನಕ್ಕೆ 48.

ಊಟಕ್ಕೆ ಕೂತವರನ್ನು ಗಿರಾಕಿ ಬಂದರೆಂದು ಕೌಂಟರಿಗೆ ಕರೆಯಬೇಡಿ. ಕರೆದರೆ ಅದು ಬಿಡುವೇ ಅಲ್ಲ, ಕೆಲಸ. ದಿನವಿಡೀ ಸೀರೆ ಬಿಚ್ಚಿ ಮಡಚುತ್ತಾ ನಿಂತವರಿಗೆ ಕಾಲು ಚಾಚಿ ಕೂರಲು ಆ ಒಂದು ಗಂಟೆ ಪೂರ್ತಿ ಸಿಗಬೇಕು. ಊಟಕ್ಕೆ ಹೋದ, ಮರಳಿದ ಹೊತ್ತನ್ನು ಹಾಜರಿ ಪುಸ್ತಕದಲ್ಲಿ ಆಗಿಂದಾಗಲೇ ಬರೆಸಿ. ತಿಂಗಳ ಕೊನೆಗೆ ಎಲ್ಲರಿಗೂ ಒಂದೇ ಸಮಯ ತುಂಬಿದ ಪುಸ್ತಕವನ್ನು ತಪಾಸಣೆಯಲ್ಲಿ ಯಾರೂ ನಂಬುವುದಿಲ್ಲ. ಹಬ್ಬದ ವ್ಯಾಪಾರಕ್ಕೆ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಆ ಅವಧಿಗೆ ದುಪ್ಪಟ್ಟು ಕೂಲಿ. ಆಗಲೂ ಊಟದ ಗಂಟೆಗೆ ಕೈಹಾಕುವಂತಿಲ್ಲ.