ಪ್ರಶ್ನೆ: ಹೆರಿಗೆ ರಜೆ ಮುಗಿಸಿ ಬಂದ ವರ್ಷವೇ ರೇಟಿಂಗ್ ಇಳಿಸಿ, ಪ್ರಮೋಷನ್ ತಪ್ಪಿಸಿದ್ದಾರೆ. ಏನು ಮಾಡಲಿ?

ನಿಮ್ಮ ಆರು ತಿಂಗಳ ಕೆಲಸವನ್ನು ಹನ್ನೆರಡು ತಿಂಗಳು ದುಡಿದವರ ಪಕ್ಕ ಇಟ್ಟು ತೂಗಿದ್ದಾರೆ. ರೇಟಿಂಗ್ ಇಳಿದಿದ್ದು ಬಹುಶಃ ಅದಕ್ಕೇ. ವೈಟ್‌ಫೀಲ್ಡ್‌ನಲ್ಲಿ ನನಗೂ ಹೀಗೇ ಮಾಡಿದ್ದರು.

ಮೊದಲು ನಿಮ್ಮ ಕಂಪನಿಯಲ್ಲಿ ರೇಟಿಂಗ್ ವಿರುದ್ಧ ಅಪೀಲಿಗೆ ಗಡುವು ಎಷ್ಟು ದಿನ ಅಂತ ನೋಡಿಕೊಳ್ಳಿ. ಆಮೇಲೆ ರಜೆಗೆ ಮುಂಚಿನ ಮೇಲ್‌ಗಳನ್ನು ತೆಗೆದು, ಯಾವ ರಿಲೀಸ್, ಯಾವ ಕ್ಲೈಂಟ್, ಯಾವ ತಾರೀಖು ಅಂತ ಒಂದೇ ಪುಟದಲ್ಲಿ ಬರೆಯಿರಿ. ನನ್ನ ಪುಟದಲ್ಲಿ ಒಂಬತ್ತು ಸಾಲಿತ್ತು, ಅದರಲ್ಲಿ ನಾಲ್ಕು ಕೆಲಸ ಮ್ಯಾನೇಜರ್‌ಗೆ ನೆನಪೇ ಇರಲಿಲ್ಲ! ಆ ಪುಟವನ್ನು ನಿಮ್ಮ ಮ್ಯಾನೇಜರ್ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿ: "ನಾನು ಕೆಲಸ ಮಾಡಿದ ತಿಂಗಳುಗಳನ್ನು ಮಾತ್ರ ಲೆಕ್ಕಕ್ಕೆ ತಗೊಂಡಿದ್ದೀರಾ?" ಬಾಯಿಮಾತಲ್ಲಿ ಉತ್ತರ ಕೊಟ್ಟರೆ ಅವತ್ತು ಸಂಜೆಯೇ, "ನೀವು ಹೀಗೆ ಹೇಳಿದಿರಿ" ಅಂತ ಅವರಿಗೆ ಮೇಲ್ ಹಾಕಿ. ಅದನ್ನೇ ಲಗತ್ತಿಸಿ ಎಚ್‌ಆರ್‌ಗೆ ಮರುಪರಿಶೀಲನೆ ಕೇಳಿ.

ಎರಡು ಮಕ್ಕಳವರೆಗೆ 26 ವಾರದ ರಜೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಬಂದ ಹಕ್ಕು, ಯಾರ ಉಪಕಾರವೂ ಅಲ್ಲ. ಆ ರಜೆಯಲ್ಲಿದ್ದಾಗ ಸೇವಾ ಷರತ್ತುಗಳನ್ನು ನಿಮಗೆ ನಷ್ಟವಾಗುವ ಹಾಗೆ ಬದಲಿಸುವುದೂ ಕಾನೂನುಬಾಹಿರ. ಆದರೆ ರೇಟಿಂಗ್ ಇಳಿಸಿದ್ದು ಅದರಡಿ ಬರುತ್ತದೆಯೇ ಎಂಬುದಕ್ಕೆ ವಾದ ಎರಡೂ ಕಡೆ ಇದೆ, ಹಾಗಾಗಿ ಮೊದಲ ಮೇಲ್‌ನಲ್ಲೇ ಕಾನೂನು ಎತ್ತಬೇಡಿ. ಎಚ್‌ಆರ್ ಕೈಚೆಲ್ಲಿದರೆ ಇದೇ ಕಾಗದಗಳನ್ನು ಕಾರ್ಮಿಕ ಪ್ರಕರಣ ನೋಡುವ ವಕೀಲರಿಗೆ ತೋರಿಸಿ.